ಗಾಲಿಯಮ್ಮನ ಅಳತೆ

ಹಲಸಿನಕಡವಿನಲ್ಲಿ ತೊಟ್ಟಿಲು ಹತ್ತುವ ಮುಂಚೆ ದೇವರನ್ನು ನೆನೆಯದ ಮನುಷ್ಯ ಇಲ್ಲ. ನೆನೆಯದೆ ಮತ್ತೇನು ಮಾಡ್ತೀರಿ? ಕೆಳಗೆ ಹೊಳೆ, ಮೇಲೆ ಒಂದೇ ಒಂದು ಉಕ್ಕಿನ ಹಗ್ಗ, ಆ ಹಗ್ಗದ ಮೇಲೆ ಉರುಳುವ ಎರಡು ಗಾಲಿ, ಗಾಲಿಗಳ ಕೆಳಗೆ ನೇತಾಡುವ ಕಬ್ಬಿಣದ ತೊಟ್ಟಿಲು. ಬೇಸಿಗೆಯಲ್ಲಾದರೆ ಬಂಡೆಯಿಂದ ಬಂಡೆಗೆ ಕಾಲಿಟ್ಟು ದಾಟಿಕೊಳ್ಳಬಹುದು. ಮಳೆ ಹಿಡಿಯಿತೋ, ಮುಗೀತು. ಆಚೆ ದಡದ ಮನೆ, ಶಾಲೆ, ಕಾಫಿ ತೋಟ ಎಲ್ಲದಕ್ಕೂ ಈಚೆ ದಡದ ಸಂಸೆ ರಸ್ತೆಗೆ ಬರಲು ಈ ತೊಟ್ಟಿಲು ಬಿಟ್ಟರೆ ಗತಿಯಿಲ್ಲ.

ಆ ತೊಟ್ಟಿಲಿನ ಗಾಲಿ ಮಾಡಿಕೊಟ್ಟವನು ಕಳಸದ ಉಬೈದ್. ಅದರಲ್ಲಿ ದಿನಾ ಹೋಗಿ ಬರುವವಳು ಅವನ ಹೆಂಡತಿ ಜೊಹರಾ, ಆಚೆ ದಡದ ಶಾಲೆಯ ಟೀಚರ್. ಇದಿಷ್ಟನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದು ಕೇಳುವಾಗ ನಿಮಗೂ ಸ್ವಲ್ಪ ಹೆದರಿಕೆಯಾದೀತು. ಆಗಲಿ ಬಿಡಿ, ಅವನೊಬ್ಬನೇ ಯಾಕೆ ಹೆದರಬೇಕು.

ಉಬೈದ್ ಯಂತ್ರಕ್ಕೆ ಹೆದರುವವನಲ್ಲ, ಮನುಷ್ಯರಿಗೆ ಹೆದರುವವನು. ಅವನ ಅಪ್ಪ ನಿಜಾಮುದ್ದೀನ್ ಕಳಸದ ರಸ್ತೆ ಬದಿಯಲ್ಲಿ ಕಬ್ಬಿಣ ಕಡೆಯುವ ಲೇತ್ ಇಟ್ಟುಕೊಂಡು ಸುತ್ತಲಿನ ಎಸ್ಟೇಟುಗಳ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ರಿಪೇರಿ ಮಾಡುತ್ತಿದ್ದವರು. ಮಗ ಡಿಪ್ಲೊಮಾ ಓದಿ ಪೀಣ್ಯದ ಒಂದು ಕಂಪನಿಯಲ್ಲಿ ಅಚ್ಚು ಮಾಡುವ ಕೆಲಸ ಕಲಿತ. ಅಪ್ಪನ ಕಣ್ಣು ಮಂಜಾದಾಗ ವಾಪಸು ಬಂದು ಅದೇ ಲೇತಿನ ಮುಂದೆ ನಿಂತ. ಬರುವಾಗ ಒಂದು ವಿದ್ಯೆ ತಂದಿದ್ದ: ಮುಟ್ಟದೆ ಅಳೆಯುವುದು. ಇಸ್ತ್ರಿಪೆಟ್ಟಿಗೆಯಷ್ಟು ದೊಡ್ಡ ಒಂದು ಸ್ಕ್ಯಾನರ್. ಅದು ವಸ್ತುವಿನ ಮೇಲೆ ಕೆಂಪು ಬೆಳಕಿನ ಗೆರೆ ಚೆಲ್ಲುತ್ತದೆ. ಗೆರೆ ಎಲ್ಲೆಲ್ಲಿ ಹೇಗೆ ಬಳುಕುತ್ತದೆ ಎಂದು ಅದರ ಎರಡು ಕಣ್ಣು ನೋಡುತ್ತವೆ. ಆ ಬಳುಕನ್ನೆಲ್ಲ ಹಿಡಿದು ಕಂಪ್ಯೂಟರು ವಸ್ತುವಿನ ಆಕಾರವನ್ನು ಪರದೆಯ ಮೇಲೆ ಕಟ್ಟಿಕೊಡುತ್ತದೆ. ಅಳತೆಯ ಕ್ಯಾಲಿಪರ್ ಬಾಯಿ ಹೋಗದ ಕಡೆ ಬೆಳಕು ಹೋಗುತ್ತದೆ. ಆ ಪೆಟ್ಟಿಗೆ ಕೊಳ್ಳುವ ತಾಕತ್ತು ಅವನಿಗೆಲ್ಲಿ. ಬೇಕಾದಾಗ ಪೀಣ್ಯದ ಹಳೇ ಸ್ನೇಹಿತರಿಂದ ತರಿಸಿಕೊಳ್ಳುತ್ತಿದ್ದ. ಎಲ್ಲೂ ಸಿಗದ ಹಳೇ ಪಲ್ಪರಿನ ಭಾಗಗಳನ್ನು ಹೀಗೆ ಅಳೆದು ಮತ್ತೆ ಮಾಡಿಕೊಟ್ಟು ಸುತ್ತಲ ಊರಲ್ಲಿ ಹೆಸರು ಮಾಡಿದ್ದ.

ಇನ್ನು ಗಾಲಿಯಮ್ಮ. ಬಿಳಿ ದೊರೆಗಳ ಕಾಲದಲ್ಲಿ ಹೊಳೆಗೆ ಮೊದಲ ತೊಟ್ಟಿಲು ಹಾಕಿದಾಗ ಬಂದ ಗಾಲಿ ಅದು. ಮುಂದೆ ಒಂದು ಮಳೆಗಾಲದಲ್ಲಿ ದೊಡ್ಡ ನೆರೆ ಬಂತು. ಬಸುರಿ ಹೆಂಗಸೊಬ್ಬಳು, ಗಿರಿಜಾಂಬಾ ಅಂತ, ತೊಟ್ಟಿಲಲ್ಲಿ ಹೊಳೆಯ ನಡುವೆ ಇದ್ದಳು. ತೇಲಿಬಂದ ಮರ ಬಡಿದು ತೊಟ್ಟಿಲು ಚೂರುಚೂರಾಯಿತು, ಹಿಂದಿನ ಗಾಲಿ ಕಿತ್ತು ಹೊಳೆಗೆ ಬಿತ್ತು. ಮುಂದಿನ ಗಾಲಿ ಮಾತ್ರ ಹಗ್ಗ ಬಿಡಲಿಲ್ಲ. ಅದರ ಕೊಂಡಿಗೆ ಜೋತುಬಿದ್ದ ಹೆಂಗಸನ್ನು ಜನ ಎಳೆದು ದಡ ಹತ್ತಿಸಿದರು. ಆಮೇಲೆ ಆ ಗಾಲಿಯನ್ನು ಇಳಿಸಿ ಈಚೆ ದಡದ ಹಲಸಿನ ಮರದ ಬುಡದಲ್ಲಿ ಕಟ್ಟೆ ಕಟ್ಟಿ ನಿಲ್ಲಿಸಿದರು. ಶುಕ್ರವಾರ ಶುಕ್ರವಾರ ಎಣ್ಣೆ, ಅರಿಶಿನ, ಕುಂಕುಮ. ಅವತ್ತು ಹೊಟ್ಟೆಯಲ್ಲಿದ್ದ ಮಗನೇ ಏಕಾಂತಪ್ಪ. ಗಾಲಿಯಮ್ಮನ ಪೂಜೆ ಅವನದೇ, ಮಳೆಗಾಲದಲ್ಲಿ ತೊಟ್ಟಿಲು ಎಳೆಯುವ ಕೆಲಸವೂ ಅವನದೇ. ಅವನ ಮನೆಯವರನ್ನು ಬಿಟ್ಟು ಯಾರೂ ಅಮ್ಮನನ್ನು ಮುಟ್ಟುವಂತಿಲ್ಲ. ದೊಡ್ಡ ಜಮೀನ್ದಾರರು ಬಂದರೂ ದೂರದಿಂದಲೇ ಕೈಮುಗಿದು ಹೋಗುತ್ತಿದ್ದರು.

ಎರಡು ಸಾವಿರದ ಏಳರ ಮಳೆಗಾಲದಲ್ಲಿ ಯಾವನೋ ಕಂಟ್ರಾಕ್ಟರ್ ಹಾಕಿಸಿದ ಗಾಲಿ ಹಗ್ಗ ತಪ್ಪಿ ತೊಟ್ಟಿಲು ಓರೆಯಾಯಿತು. ಒಂದು ಮೂಟೆ ಅಕ್ಕಿ ಹೊಳೆ ಪಾಲು. ಮನುಷ್ಯರು ಉಳಿದದ್ದೇ ಪುಣ್ಯ. ಅಲ್ಲಿಂದ ಯಾರೂ ತೊಟ್ಟಿಲು ಹತ್ತಲಿಲ್ಲ, ಕಾಡಿನ ದಾರಿಯಲ್ಲಿ ಸುತ್ತಿ ಬಂದರು, ಜಿಗಣೆ ಕಡಿಸಿಕೊಂಡರು. ಹೊಸ ಗಾಲಿ ಹಾಕಿಸೋಣ ಅಂದರೆ ಊರವರದು ಒಂದೇ ಹಟ: ಅಮ್ಮನ ಅಳತೆಯದ್ದೇ ಆಗಬೇಕು. ಒಂದು ಕೂದಲಷ್ಟೂ ಆಚೀಚೆ ಆಗಬಾರದು. ಆದರೆ ಅಮ್ಮನನ್ನು ಮುಟ್ಟದೆ ಅಳೆಯುವುದು ಹೇಗೆ?

ಶಾಲೆಯ ಮೀಟಿಂಗಿನಲ್ಲಿ ಜೊಹರಾ ಎದ್ದು ನಿಂತು ಹೇಳಿದಳು, “ನಮ್ಮನೆಯವರು ಮುಟ್ಟದೇ ಅಳೀತಾರೆ.”

ಹೇಳುವಾಗ ಅವಳಿಗೆ ಗಂಡನ ಬಗ್ಗೆ ಎಷ್ಟು ಹೆಮ್ಮೆ ಇತ್ತು ಅಂತೀರಾ. ರಾತ್ರಿ ಊಟಕ್ಕೆ ಕೂತಾಗ ಈ ಸುದ್ದಿ ಕೇಳಿ ಉಬೈದನ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು. ಬೆಟ್ಟದ ಮೇಲಿನ ದರ್ಗಾ ಯಾರದೆಂಬ ಗಲಾಟೆಯ ದಿನಗಳಲ್ಲಿ ಅಪ್ಪ ಮಗ ಇಬ್ಬರೂ ಅಂಗಡಿಯ ಶಟರ್ ಎಳೆದುಕೊಂಡು ಒಳಗೆ ಮಾತಿಲ್ಲದೆ ಕೂತದ್ದು ಅವನಿಗೆ ಮರೆತಿರಲಿಲ್ಲ. ಅವರ ದೇವರ ತಂಟೆಗೆ ನಾನು ಹೋಗುವುದೇ? ಏನಾದರೂ ಹೆಚ್ಚುಕಮ್ಮಿ ಆದರೆ?

“ಮುಟ್ಟೋದಿಲ್ಲ ಅಂದ ಮೇಲೆ ಎಂತ ಭಯ?” ಅಂದಳು ಜೊಹರಾ. “ಹತ್ತೋಳು ನಾನು. ಅದನ್ನ ನೆನಪಿಟ್ಕೊಂಡು ಮಾಡಿ.”

ಮರುವರ್ಷ ಮಾರ್ಚಿನ ಒಂದು ಬೆಳಿಗ್ಗೆ ಪೆಟ್ಟಿಗೆ ಹೊತ್ತುಕೊಂಡು ಉಬೈದ್ ಕಟ್ಟೆಯ ಮುಂದೆ ನಿಂತ. ಸ್ನಾನ ಮಾಡಿ, ಶುಭ್ರ ಬಟ್ಟೆ ಹಾಕಿಕೊಂಡು ಬಂದಿದ್ದ. ಆಚೆ ದಡದಿಂದ ಈಚೆ ದಡದಿಂದ ಜನ ಸೇರಿಬಿಟ್ಟಿದ್ದರು. ಯಾರೂ ಕೆಟ್ಟ ಮಾತು ಆಡಲಿಲ್ಲ, ನಿಜ ಹೇಳಬೇಕೆಂದರೆ ಯಾರೂ ಮಾತೇ ಆಡಲಿಲ್ಲ. ಅವನಿಗೆ ಅದೇ ಬೆನ್ನಿಗೆ ಚುಚ್ಚುತ್ತಿತ್ತು. ಏಕಾಂತಪ್ಪ ಒದ್ದೆ ಪಂಚೆಯಲ್ಲಿ ಬಂದು, “ಬಾ ಉಬೈದ, ಹತ್ರ ಬಾ. ಮೈಗೆ ಕೈ ತಾಗಿಸ್ಬೇಡ, ಅಷ್ಟೇ ಮಾರಾಯ” ಅಂದ.

ಸ್ಕ್ಯಾನರಿಗೆ ಗುರುತು ಸಿಗಲೆಂದು ವಸ್ತುವಿನ ಮೇಲೆ ಸಣ್ಣ ಸಣ್ಣ ಬಿಳಿ ಚುಕ್ಕಿ ಅಂಟಿಸುವುದು ಪದ್ಧತಿ. ಗಾಲಿಗೆ ಅಂಟಿಸುವ ಹಾಗಿಲ್ಲವಲ್ಲ. ಸುತ್ತಲಿನ ಕಟ್ಟೆಗೆ ಅಂಟಿಸಬೇಕೆಂದ. ಅದನ್ನೂ ಏಕಾಂತಪ್ಪನೇ ತನ್ನ ಕೈಯಾರೆ, ರಂಗೋಲಿ ಇಟ್ಟಷ್ಟು ಚಂದ ಮಾಡಿ ಅಂಟಿಸಿದ. ಹೊಳೆಯುವ ಕಬ್ಬಿಣವಾದರೆ ಬೆಳಕು ಚದುರಿಹೋಗುತ್ತದೆ, ಬಿಳಿ ಪುಡಿ ಹೊಡೆಯಬೇಕಾಗುತ್ತದೆ. ಗಾಲಿಯಮ್ಮನಿಗೆ ಅದೂ ಬೇಕಾಗಲಿಲ್ಲ. ವರ್ಷಾನುಗಟ್ಟಲೆ ಎಣ್ಣೆ, ಅರಿಶಿನ, ಕುಂಕುಮ ಕೂತು ಮೈ ಒಂದಿಷ್ಟೂ ಹೊಳಪಿಲ್ಲದೆ ಮಂಕಾಗಿತ್ತು. ಬೆಳಕಿನ ಗೆರೆ ಎಷ್ಟು ಚೊಕ್ಕವಾಗಿ ಕೂತಿತೆಂದರೆ ಉಬೈದನಿಗೇ ಆಶ್ಚರ್ಯವಾಯಿತು. ಲ್ಯಾಪ್‌ಟಾಪಿನ ಪರದೆಯ ಮೇಲೆ ಗಾಲಿ ತುಂಡುತುಂಡಾಗಿ ಮೂಡುತ್ತಾ ಬಂದ ಹಾಗೆ ಜನ ಹತ್ತಿರ ಸರಿದರು. ಪೂರ್ತಿ ಮೂಡಿದಾಗ ಒಬ್ಬ ಅಜ್ಜಿ ಲ್ಯಾಪ್‌ಟಾಪಿಗೇ ಕೈಮುಗಿದಳು. ಏಕಾಂತಪ್ಪ ಅದರ ಮುಚ್ಚಳಕ್ಕೆ ಒಂದು ಬೊಟ್ಟು ಕುಂಕುಮ ಇಟ್ಟ.

ಆಗಲೇ ಉಬೈದನ ಕಣ್ಣಿಗೆ ಅದು ಬಿದ್ದದ್ದು. ಗಾಲಿಯ ಸುತ್ತ ಹಗ್ಗ ಕೂರುವ ತೋಡು ಇರುತ್ತದಲ್ಲ, ಅದರ ತಳ ಪರದೆಯಲ್ಲಿ ಉಬ್ಬುತಗ್ಗಾಗಿ ಕಾಣುತ್ತಿತ್ತು. ವರ್ಷಗಟ್ಟಲೆ ಉಕ್ಕಿನ ಹಗ್ಗ ಉಜ್ಜಿದ ಕಬ್ಬಿಣ ಹಾಗಿರುವುದಿಲ್ಲ, ನುಣುಪಾಗಿರುತ್ತದೆ. ಬೆಳಕು ಮೇಲಿನ ಚರ್ಮವನ್ನಷ್ಟೇ ನೋಡುತ್ತದೆ; ಚರ್ಮದ ಕೆಳಗೆ ಏನಿದೆ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ತೋಡಿನೊಳಗೆ ಅರಿಶಿನ ಎಷ್ಟು ದಪ್ಪ ಕೂತಿದೆ? ಒಂದು ಉಗುರು ಹಾಕಿ ಕೆರೆದರೆ ಗೊತ್ತಾಗುತ್ತಿತ್ತು. ಒಂದೇ ಒಂದು ಉಗುರು.

ಉಬೈದ್ ತಲೆ ಎತ್ತಿ ಏಕಾಂತಪ್ಪನನ್ನು ನೋಡಿದ. ಏಕಾಂತಪ್ಪನೂ ಅವನನ್ನೇ ನೋಡುತ್ತಿದ್ದ, ಏನೋ ಹೇಳುವವನ ಹಾಗೆ. ಹಿಂದೆ ಜನ. ಉಬೈದ್ ಹಿಂಜರಿದ. ದೇವರ ಮೈ ಕೆರೆಯಿರಿ ಅಂತ ತಾನು, ಅದೂ ತಾನು, ಹೇಳುವುದು ಹೇಗೆ? ಲ್ಯಾಪ್‌ಟಾಪ್ ಮುಚ್ಚಿ, “ಆಯ್ತು ಅಣ್ಣ” ಅಂದ. ಏಕಾಂತಪ್ಪನೂ, “ಆಯ್ತಲ್ಲ” ಅಂದ. ಅಲ್ಲಿಗೆ ಆಯಿತು.

ಅಂಗಡಿಗೆ ಬಂದು ಆ ಉಬ್ಬುತಗ್ಗನ್ನು ಕಂಪ್ಯೂಟರಿನಲ್ಲೇ ಸವರಿ ನುಣುಪು ಮಾಡಿದ. ತೋಡು ಸ್ವಲ್ಪ ಕಡಿಮೆ ಆಳ ಅನಿಸಿತು, ಅನಿಸದೆ ಏನು. ಆದರೆ ಮನುಷ್ಯನಿಗೆ ಬೇಕಾದ ಸಮಾಧಾನ ಯಾವಾಗಲೂ ಕೈಗೆಟುಕುವ ಕಡೆಯೇ ಇರುತ್ತದೆ: ನೆರೆಯಲ್ಲೇ ಹಗ್ಗ ಬಿಡದ ಗಾಲಿ ಇದು, ಇದೇ ಆಕಾರಕ್ಕೆ ಹಿಡಿಯಿತಲ್ಲ, ನಾನ್ಯಾರು ಬದಲಾಯಿಸಲಿಕ್ಕೆ? ಶಿವಮೊಗ್ಗದ ಒಂದು ಫೌಂಡ್ರಿಯಲ್ಲಿ ಎರಡು ಗಾಲಿ ಎರಕ ಹೊಯ್ಯಿಸಿದ, ತನ್ನ ಲೇತಿನಲ್ಲಿ ತಾನೇ ಕಡೆದ. ಮೇ ತಿಂಗಳಲ್ಲಿ ಮರಳಿನ ಚೀಲ ಹೇರಿ ತೊಟ್ಟಿಲನ್ನು ಆಚೆಗೂ ಈಚೆಗೂ ಎಳೆಸಿದ. ಗಾಳಿಯಿಲ್ಲದ, ಒಣ ಬಿಸಿಲಿನ ದಿನ. ಗಾಲಿ ಬೆಣ್ಣೆಯ ಹಾಗೆ ಓಡಿತು. ತೆಂಗಿನಕಾಯಿ ಒಡೆದರು, ಪಾಯಸ ಮಾಡಿದರು. ಶಾಲೆ ಶುರುವಾದ ದಿನ ಮೊದಲು ಹತ್ತಿದವಳು ಜೊಹರಾ.

ಜೂನ್ ಕೊನೆಗೆ ಮಳೆ ಜೋರಾಯಿತು. ಒಂದು ಮಧ್ಯಾಹ್ನ ಉಬೈದ್ ಅಂಗಡಿಯಲ್ಲಿ ಪಂಪಿನ ಶಾಫ್ಟ್ ಕಡೆಯುತ್ತಿದ್ದಾಗ, ಸಂಸೆ ಕಡೆಯಿಂದ ಬಂದ ಜೀಪಿನ ಸುಬ್ಬಣ್ಣ ಇಳಿದು ಬಾಳೆ ಎಲೆಯ ಒಂದು ಪೊಟ್ಟಣ ಕೊಟ್ಟ.

“ಏಕಾಂತಪ್ಪ ಕೊಟ್ಟ. ಗಾಲಿಯಮ್ಮನ ಪ್ರಸಾದ ಅಂತೆ. ಬೆಳಿಗ್ಗೆ ಅದಾಗಿಯೇ ಉದುರಿತಂತೆ ನೋಡು, ಶೀತಕ್ಕೋ ಏನೋ. ಮನೆಮನೆಗೆ ಹಂಚ್ತಾ ಇದಾನೆ. ಗಾಲಿ ಮಾಡಿದವ್ನಿಗೆ ದೊಡ್ಡ ತುಂಡು ಅಂತ ಇದನ್ನ ನಿನಗೆ ಇಟ್ಟಿದ್ದ.”

ಸುಬ್ಬಣ್ಣ ಹೋದ ಮೇಲೆ ಉಬೈದ್ ಕೈ ಒರೆಸಿಕೊಂಡು ಎಲೆ ಬಿಡಿಸಿದ. ಒಳಗೆ ಅರಿಶಿನ ಕುಂಕುಮ ಎಣ್ಣೆ ಗಟ್ಟಿಯಾಗಿ ಕಲ್ಲಾದ ಒಂದು ಹೆಂಟೆ. ಬಿದಿಗೆ ಚಂದ್ರನ ಹಾಗೆ ಬಾಗಿತ್ತು. ಮೇಲ್ಗಡೆ ಉಬ್ಬುತಗ್ಗು, ಆ ಉಬ್ಬುತಗ್ಗಿನ ಗುರುತು ಅವನಿಗೆ ಚೆನ್ನಾಗಿಯೇ ಇತ್ತು. ತಿರುಗಿಸಿ ನೋಡಿದ. ಹಿಂಭಾಗ ಗಾಜಿನಂತೆ ನುಣುಪು. ಕಬ್ಬಿಣದ ತೋಡಿನ ತಳಕ್ಕೆ ಕೂತಿದ್ದ ಭಾಗ ಅದು.

ಹೆಬ್ಬೆರಳು ತೋರುಬೆರಳ ನಡುವೆ ಅದನ್ನು ಹಿಡಿದ. ಬೆರಳಿನಷ್ಟು ದಪ್ಪ. ಬೆರಳಿನಷ್ಟು, ಅಂದರೆ ಅಮ್ಮನ ತೋಡು ಅವನು ಅಳೆದದ್ದಕ್ಕಿಂತ ಒಂದು ಬೆರಳು ಹೆಚ್ಚು ಆಳ ಇತ್ತು. ಹಗ್ಗವನ್ನು ನೆರೆಯಲ್ಲೂ ಹಿಡಿದಿಟ್ಟದ್ದು ಆ ಆಳ. ಅವನು ಮಾಡಿಕೊಟ್ಟ ಗಾಲಿಯಲ್ಲಿ ಆ ಆಳ ಇರಲಿಲ್ಲ. ಅವನು ಅಳೆದದ್ದು ಗಾಲಿಯನ್ನಲ್ಲ, ಪೂಜೆಯನ್ನು.

ಲೇತ್ ಇನ್ನೂ ತಿರುಗುತ್ತಲೇ ಇತ್ತು. ಹೊರಗೆ ಗಾಳಿ ಎದ್ದು ಅಂಗಡಿಯ ಶೀಟನ್ನು ಬಡಿಯುತ್ತಿತ್ತು. ಗಾಳಿಗೆ ತೊಟ್ಟಿಲು ಅಡ್ಡಕ್ಕೆ ತೂಗುತ್ತದೆ, ತೂಗಿದಾಗ ಹಗ್ಗ ಗಾಲಿಯ ಅಂಚು ಹತ್ತುತ್ತದೆ, ಅಂಚು ಗಿಡ್ಡವಾದರೆ ಜಿಗಿಯುತ್ತದೆ. ಇಷ್ಟನ್ನು ಯೋಚಿಸಲು ಅವನಿಗೆ ಹೊತ್ತು ಬೇಕಾಗಲಿಲ್ಲ. ಗೋಡೆಯ ಗಡಿಯಾರ ನೋಡಿದ. ಶಾಲೆ ಬಿಡುವ ಹೊತ್ತು ಹತ್ತಿರವಾಗಿತ್ತು. ಜೊಹರಾಳ ಮೊಬೈಲಿಗೆ ಫೋನ್ ಮಾಡಿದ, ಹೊಳೆಯ ಹತ್ತಿರ ಸಿಗ್ನಲ್ ಎಲ್ಲಿ ಸಿಗಬೇಕು. ಮತ್ತೆ ಮಾಡಿದ. ಆಮೇಲೆ ಹೆಂಟೆಯನ್ನು ಜೇಬಿಗೆ ಹಾಕಿಕೊಂಡು ಬೈಕ್ ಹತ್ತಿದ. ಲೇತ್ ಆರಿಸಲಿಲ್ಲ, ಶಟರ್ ಎಳೆಯಲಿಲ್ಲ.

ಆ ದಾರಿಯನ್ನು ಅವನು ಹೇಗೆ ಹೋದ ಎಂದು ಅವನನ್ನೇ ಕೇಳಿದರೂ ಹೇಳಲಾರ. ತಿರುವಿನಲ್ಲಿ ಬಸ್ಸು ಎದುರಾಯಿತು, ಡ್ರೈವರ್ ಬೈದದ್ದು ಕೇಳಿಸಿತು. ಕನ್ನಡಕದ ಮೇಲೆ ಮಳೆ. ಒರೆಸಿಕೊಳ್ಳಲು ಕೈ ಬಿಡುವ ಹಾಗಿಲ್ಲ. ತಲೆಯೊಳಗೆ ಒಂದೇ ಚಿತ್ರ: ತೊಟ್ಟಿಲಿನ ಕಂಬಿ ಹಿಡಿದ ಜೊಹರಾಳ ಕೈ. ದಾರಿಯಲ್ಲಿ ಅಲ್ಲಾಹುವನ್ನು ಕರೆದ. ಕರೆದು ಸಾಲದೆ, ಗಾಲಿಯಮ್ಮನನ್ನೂ ಕರೆದ. ಹೆದರಿದವನ ಬಾಯಿಗೆ ಲೆಕ್ಕ ಇರುವುದಿಲ್ಲ ನೋಡಿ. ಇವತ್ತು ಒಂದು ದಿನ, ಇವತ್ತು ಒಂದು ಸಲ ಹಗ್ಗ ಬಿಡಬೇಡ, ನಾಳೆಯಿಂದ ನಾನಿದ್ದೇನೆ ಎಂದು ಗೊಣಗುತ್ತಾ ಎಸ್ಟೇಟಿನ ಮಣ್ಣು ರಸ್ತೆಗೆ ಬೈಕ್ ಇಳಿಸಿದ. ಕೆಸರಿನಲ್ಲಿ ಬೈಕ್ ಮಲಗಿತು. ಬಿಟ್ಟು ಓಡಿದ.

ಹಲಸಿನ ಮರ ದಾಟಿ ಕಡವಿನ ಮೇಲೆ ಬಂದು ನೋಡುತ್ತಾನೆ, ತೊಟ್ಟಿಲು ಹೊಳೆಯ ನಡುವೆ ಬಂದಾಗಿದೆ.

ಒಳಗೆ ಜೊಹರಾ, ಈಚೆ ದಡದ ಎಸ್ಟೇಟ್ ಲೈನಿನ ಕೂಲಿಯವರ ಎರಡು ಮಕ್ಕಳು. ಮಕ್ಕಳ ಮೇಲೆ ಮಳೆ ಬೀಳದಿರಲೆಂದು ಜೊಹರಾ ಕೊಡೆ ಬಿಚ್ಚಿ ಹಿಡಿದಿದ್ದಳು. ಕಣಿವೆಯಿಂದ ಗಾಳಿ ಬಂದಾಗಲೆಲ್ಲ ಕೊಡೆ ಅದನ್ನು ಹಿಡಿಯುತ್ತಿತ್ತು, ತೊಟ್ಟಿಲು ಪಕ್ಕಕ್ಕೆ ವಾಲುತ್ತಿತ್ತು. ಹೊಳೆ ಕೆಂಪಾಗಿ ಮೊರೆಯುತ್ತಿತ್ತು. ಈಚೆ ದಡದಲ್ಲಿ ಏಕಾಂತಪ್ಪ ಮಳೆಗೆ ತಲೆ ಮೇಲಿಂದ ಗೊರಬು ಹಾಕಿಕೊಂಡು ತೊಟ್ಟಿಲಿಗೆ ಕಟ್ಟಿದ ನೈಲಾನ್ ಹಗ್ಗ ಎಳೆಯುತ್ತಿದ್ದ, ದಿನದ ಹಾಗೆ, ಆರಾಮಾಗಿ.

ಉಬೈದನ ಕಣ್ಣು ಮುಂದಿನ ಗಾಲಿಯ ಮೇಲೆ ನಿಂತಿತು. ಪ್ರತಿ ಸಲ ವಾಲಿದಾಗಲೂ ಉಕ್ಕಿನ ಹಗ್ಗ ತೋಡಿನಿಂದ ಎದ್ದು ಅಂಚಿನವರೆಗೆ ಬರುತ್ತಿತ್ತು, ಮತ್ತೆ ಒಳಗೆ ಜಾರುತ್ತಿತ್ತು. ಕೂಗಿಬಿಡಬೇಕೆಂದು ಬಾಯಿ ತೆರೆದವನು ಕೈಯಿಂದ ತನ್ನ ಬಾಯನ್ನೇ ಮುಚ್ಚಿಕೊಂಡ. ಕೂಗಿದರೆ ಅವಳು ತಿರುಗುತ್ತಾಳೆ. ಮಕ್ಕಳು ಗಾಬರಿಯಾಗಿ ಒಂದೇ ಬದಿಗೆ ಓಡುತ್ತಾರೆ. ಅಷ್ಟು ಸಾಕು.

ಏಕಾಂತಪ್ಪನ ಹತ್ತಿರ ಹೋಗಿ ಕಿವಿಯಲ್ಲಿ ಹೇಳಿದ, “ಅಣ್ಣ, ನಿಲ್ಲಿಸಬೇಡಿ. ಜೋರಾಗಿ ಎಳೀಬೇಡಿ. ಗಾಲಿ ಸರಿಯಿಲ್ಲ.”

ಏಕಾಂತಪ್ಪ ಅವನ ಮುಖ ನೋಡಿದ. ಮೊದಲಿಗಿಂತ ನಿಧಾನವಾಗಿ ಎಳೆಯತೊಡಗಿದ.

ಜೊಹರಾ ಗಂಡನನ್ನು ಕಂಡಳು. ಈ ಹೊತ್ತಿನಲ್ಲಿ ಇಲ್ಲಿ ಯಾಕೆ ಎಂದು ಕೈ ಎತ್ತಿದಳು. ಉಬೈದ್ ಕೂಗಲಿಲ್ಲ. ಅವಳಿಗೆ ಕಾಣುವ ಹಾಗೆ ದಡದ ಬಂಡೆಯ ಮೇಲೆ ಕೆಸರಿನಲ್ಲೇ ಕುಕ್ಕರಗಾಲಿನಲ್ಲಿ ಕೂತ, ಎರಡು ಅಂಗೈಯಿಂದ ಗಾಳಿಯನ್ನು ಕೆಳಗೆ ಒತ್ತಿದ, ಕೊಡೆ ಮುಚ್ಚುವ ಹಾಗೆ ಕೈ ಮಾಡಿದ. ನಗಲು ನೋಡಿದ, ಆಗಲಿಲ್ಲ. ಜೊಹರಾ ಸ್ವಲ್ಪ ಹೊತ್ತು ಅವನನ್ನೇ ನೋಡಿದಳು. ಹತ್ತು ವರ್ಷ ಸಂಸಾರ ಮಾಡಿದವಳಿಗೆ ಆ ಮುಖ ಓದಲು ಬರುವುದಿಲ್ಲವೇ. ಕೊಡೆ ಮುಚ್ಚಿದಳು. ಮಕ್ಕಳನ್ನು ತೊಟ್ಟಿಲಿನ ತಳದಲ್ಲಿ ಕೂರಿಸಿ ತಾನೂ ಅವರನ್ನು ತಬ್ಬಿಕೊಂಡು ಕೂತಳು. ಕಂಬಿಯ ಮೇಲೆ ಅವಳ ತಲೆ ಮಾತ್ರ ಕಾಣುತ್ತಿತ್ತು. ಮಕ್ಕಳಿಗೆ ಅವಳು ಮಗ್ಗಿ ಹೇಳಿಸುತ್ತಿದ್ದಳೆಂದು ಆಮೇಲೆ ಗೊತ್ತಾಯಿತು.

ತೂಗಾಟ ಕಮ್ಮಿಯಾಯಿತು. ಬಂತು, ಇನ್ನೇನು ಬಂತು, ದಡದ ಬಂಡೆಗಳು ತೊಟ್ಟಿಲಿನ ಕೆಳಗೆ ಕಾಣತೊಡಗಿದವು ಅನ್ನುವಾಗ ಕಣಿವೆಯಿಂದ ಒಂದು ದೊಡ್ಡ ಗಾಳಿ ಬೀಸಿತು. ಮುಂದಿನ ಗಾಲಿ ಹಗ್ಗದಿಂದ ಎದ್ದು ಪಕ್ಕಕ್ಕೆ ಬಿತ್ತು. ತೊಟ್ಟಿಲಿನ ಮುಂಭಾಗ ದಡಕ್ಕನೆ ಕುಸಿಯಿತು. ಒಂದು ಮಗು ಕಿರುಚಿತು.

ಬೀಳಲಿಲ್ಲ. ಗಾಲಿಯನ್ನು ಹಿಡಿದಿದ್ದ ಕಬ್ಬಿಣದ ಪಟ್ಟಿ ಹಗ್ಗಕ್ಕೆ ಸಿಕ್ಕಿಕೊಂಡಿತ್ತು. ಅದು ಎಷ್ಟು ತೆಳು ಎಂದು ಉಬೈದನಿಗೆ ಗೊತ್ತಿತ್ತು. ಕತ್ತರಿಸಿ ಬೆಸುಗೆ ಹಾಕಿದವನು ಅವನೇ. ಭಾರ ಹೊರಲು ಮಾಡಿದ ಪಟ್ಟಿಯಲ್ಲ ಅದು. ಕೂತಲ್ಲಿಂದ ಎದ್ದ. ಏಕಾಂತಪ್ಪನ ಹಿಂದೆ ನಿಂತು ಅವನೂ ನೈಲಾನ್ ಹಗ್ಗ ಹಿಡಿದ. ಇಬ್ಬರೂ ಸೇರಿ ಎಳೆದರು. ಗಾಲಿ ಉರುಳುತ್ತಿರಲಿಲ್ಲ, ಪಟ್ಟಿ ಹಗ್ಗದ ಮೇಲೆ ಕಿರ್ರೆಂದು ಉಜ್ಜುತ್ತಾ ಬರುತ್ತಿತ್ತು. ಆ ಸದ್ದು ಒಂದೊಂದು ಎಳೆತಕ್ಕೂ ಅವನ ಹಲ್ಲಿನೊಳಗೆ ಕೇಳುತ್ತಿತ್ತು. ಎಳೆದರೆ ಪಟ್ಟಿ ಸವೆಯುತ್ತದೆ, ಎಳೆಯದಿದ್ದರೆ ಅವಳು ಅಲ್ಲೇ. ಹೆಂಡತಿಯ ಕಡೆ ನೋಡುವ ಧೈರ್ಯ ಸಾಲದೆ ಪಟ್ಟಿಯನ್ನೇ ನೋಡುತ್ತಾ ಎಳೆದ. ಏಕಾಂತಪ್ಪ, “ಅಮ್ಮಾ, ಅಮ್ಮಾ” ಎನ್ನುತ್ತಿದ್ದ. ಉಬೈದನೂ ಅದನ್ನೇ ಎನ್ನುತ್ತಿದ್ದನೋ ಏನೋ.

ತೊಟ್ಟಿಲಿನ ಮೂಗು ದಡದ ಇಳಿಯುವ ಕಟ್ಟೆಗೆ ತಾಗಿತು. ಏಕಾಂತಪ್ಪ ಬಾಗಿ ಒಂದೊಂದೇ ಮಗುವನ್ನು ಎತ್ತಿ ಹಿಂದಕ್ಕೆ ಇಳಿಸಿದ. ಕೊನೆಗೆ ಜೊಹರಾ ಕೈ ಚಾಚಿದಳು. ಉಬೈದ್ ಆ ಕೈ ಹಿಡಿದು ಎಳೆದ ರಭಸಕ್ಕೆ ಇಬ್ಬರೂ ಕೆಸರಿಗೆ ಬಿದ್ದರು. ಅವಳು ಇಳಿದು ಭಾರ ತಗ್ಗಿದ ತೊಟ್ಟಿಲು ಹಗ್ಗದ ಮೇಲೆ ಒಮ್ಮೆ ಪುಟಿದು ಸುಮ್ಮನಾಯಿತು. ಪಟ್ಟಿ ಅರ್ಧಕ್ಕಿಂತ ಹೆಚ್ಚು ಸವೆದಿತ್ತು.

ಮನೆಯವರು ಬಂದು ಮಕ್ಕಳನ್ನು ಕರೆದುಕೊಂಡು ಹೋದರು. ಮೂವರೂ ಹಲಸಿನ ಮರದ ಕೆಳಗೆ ಬಂದು ನಿಂತರು. ಉಬೈದ್ ಜೇಬಿನಿಂದ ಹೆಂಟೆ ತೆಗೆದ. ಅಂಗೈ ಮೇಲಿಟ್ಟು ಏಕಾಂತಪ್ಪನ ಮುಂದೆ ಹಿಡಿದ.

“ಇದು ತೋಡಿನೊಳಗೆ ತುಂಬಿತ್ತು ಅಣ್ಣ. ನನ್ನ ಬೆಳಕು ಇದರ ಮೇಲ್ಮೈ ನೋಡಿತು. ಕಬ್ಬಿಣ ಇದರ ಕೆಳಗಿತ್ತು. ಅವತ್ತೇ ನನಗೆ ಅನುಮಾನ ಬಂದಿತ್ತು. ಕೆರೆದು ನೋಡಬೇಕು ಅಂತ ಕೇಳೋಕೆ ಹೆದರಿಕೆ ಆಯ್ತು.”

ಏಕಾಂತಪ್ಪ ಅದನ್ನು ಇಸಿದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ. ಗೊರಬಿನಿಂದ ನೀರು ಇಳಿಯುತ್ತಿತ್ತು.

“ಮುಟ್ಬೇಡ ಅಂದಿದ್ದು ನಿಜ” ಅಂದ. “ಕೇಳ್ಬೇಡ ಅಂದಿರ್ಲಿಲ್ವಲ್ಲೋ. ನಾನೇ ಬಿಸಿನೀರು ಹಾಕಿ ತೊಳೆದು ಕೊಡ್ತಿದ್ದೆ.”

ಉಬೈದನ ತಲೆ ಬಗ್ಗಿತು. ಬೈದಿದ್ದರೆ, ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಇಷ್ಟು ದಿನ ತಾನು ಹೆದರಿದ ಮನುಷ್ಯ ಇವನೇ ಏನು ಎಂದು ನಾಚಿಕೆಯಾಯಿತು.

ಏಕಾಂತಪ್ಪ ಇನ್ನೂ ಹೆಂಟೆಯನ್ನೇ ನೋಡುತ್ತಿದ್ದ. “ನಾನೇನು ದೊಡ್ಡ ಮನುಷ್ಯ ಅಂತ ತಿಳ್ಕೋಬೇಡ ಮಾರಾಯ” ಅಂದ, ದನಿ ಇಳಿಸಿ. “ಅರಿಶಿನ ದಪ್ಪ ಇದೆ ಅಂತ ನನಗೆ ಗೊತ್ತಿತ್ತು. ವಾರ ವಾರ ಹಚ್ಚೋನು ನಾನೇ ಅಲ್ವಾ. ಅವತ್ತು ನೀನು ಬೆಳಕು ಬಿಟ್ಟಾಗ ಬಾಯಿಗೆ ಬಂದಿತ್ತು, ಇದರ ಒಳಗೂ ಕಾಣುತ್ತಾ ಅಂತ. ಆಸ್ಪತ್ರೆಲಿ ಎಲುಬು ಕಾಣಲ್ವಾ, ಹಾಗೆ ಕಾಣುತ್ತೇನೋ ಅಂದ್ಕೊಂಡೆ. ಅಷ್ಟು ಜನರ ಎದುರು ನಿನ್ನಂಥ ಓದಿದವನನ್ನ ಕೇಳಿದ್ರೆ ಎಲ್ಲಿ ನಗ್ತಾರೋ ಅಂತ ಸುಮ್ಮನಾದೆ.”

ಮಳೆ ಬೀಳುತ್ತಲೇ ಇತ್ತು. ಜೊಹರಾ ಇಬ್ಬರ ಮಾತನ್ನೂ ಕೇಳಿದಳು. ಅವಳ ಹಲ್ಲು ಕಟಕಟ ಎನ್ನುತ್ತಿತ್ತು, ಸೀರೆಯಿಂದ ಕೆಸರು ತೊಟ್ಟಿಕ್ಕುತ್ತಿತ್ತು.

“ಹಾಗಾದ್ರೆ ಇಬ್ಬರಿಗೂ ಗೊತ್ತಿತ್ತು” ಅಂದಳು. “ನೀವು ಅವರ ದೇವರಿಗೆ ಹೆದರಿದ್ರಿ, ಅವರು ನಿಮ್ಮ ಪೆಟ್ಟಿಗೆಗೆ ಹೆದರಿದ್ರು. ಇಬ್ಬರೂ ಬಾಯಿ ಮುಚ್ಕೊಂಡು ನನ್ನನ್ನ, ಆ ಮಕ್ಕಳನ್ನ ಹೊಳೆ ಮೇಲೆ ತೂಗಿಬಿಟ್ರಿ.”

ಉಬೈದ್ ಅವಳ ಹೆಗಲಿಗೆ ಕೈ ಹಾಕಲು ಹೋದ; ಅವಳು ಸರಿದಳು. ಸರಿದವಳು ನೇರ ಗಾಲಿಯಮ್ಮನ ಕಟ್ಟೆಯ ಹತ್ತಿರ ಹೋದಳು. ಅವಳು ಏನು ಮಾಡಲಿದ್ದಾಳೆ ಎಂದು ಉಬೈದನಿಗೆ ಹೊಳೆಯಿತು. “ಜೊಹರಾ, ಬೇಡ” ಅಂದ. ಏಕಾಂತಪ್ಪ ಒಂದು ಹೆಜ್ಜೆ ಮುಂದಿಟ್ಟವನು ಅಲ್ಲೇ ನಿಂತ.

ಜೊಹರಾ ಕೆಸರು ಕೈಯನ್ನು ಮಳೆನೀರಿಗೆ ಒಡ್ಡಿ ತೊಳೆದುಕೊಂಡಳು. ಆಮೇಲೆ ಗಾಲಿಯಮ್ಮನ ತೋಡಿನೊಳಗೆ, ಹೆಂಟೆ ಉದುರಿ ಕಬ್ಬಿಣ ಕಾಣುತ್ತಿದ್ದ ಜಾಗದಲ್ಲಿ, ತೋರುಬೆರಳು ಇಳಿಸಿದಳು. ತಳ ಸಿಗುವವರೆಗೂ ಇಳಿಸಿದಳು. ಅಂಚು ಎಲ್ಲಿಗೆ ಬಂತೋ ಅಲ್ಲಿಗೆ ಹೆಬ್ಬೆರಳಿನ ಉಗುರನ್ನು ಒತ್ತಿ ಹಿಡಿದು ಬೆರಳನ್ನು ಹೊರಗೆ ತೆಗೆದಳು.

“ಇಷ್ಟು” ಅಂದಳು, ಬೆರಳನ್ನು ಗಂಡನ ಮುಖದ ಮುಂದೆ ಹಿಡಿದು. “ಬರೆದುಕೊಳ್ಳಿ.”

ಉಬೈದ್ ಏಕಾಂತಪ್ಪನ ಕಡೆ ನೋಡಿದ. ಏಕಾಂತಪ್ಪ ಗಾಲಿಯನ್ನು ನೋಡಿದ, ಜೊಹರಾಳ ಬೆರಳನ್ನು ನೋಡಿದ. ಆಮೇಲೆ ಗೊರಬು ತೆಗೆದು ಅವಳ ತಲೆಯ ಮೇಲೆ ಇಟ್ಟು, ಅಮ್ಮನನ್ನು ತೊಳೆಯುವ ನೀರು ಕಾಯಿಸಲು ಮನೆ ಕಡೆ ಹೊರಟ.